ಹಿತ್ತಿಲಿಗೊಂದು ಹಲಗೆಯ ಜಗಲಿ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದಿನವಿಡೀ ಒದ್ದೆ ಹೊದಿಕೆಗಳನ್ನು ಯಂತ್ರದಿಂದ ಎಳೆದೂ ಎಳೆದೂ, ಸಂಜೆಯ ಹೊತ್ತಿಗೆ ಅವಳ ತೋಳುಗಳು ಅವಳವೇ ಅನ್ನಿಸುತ್ತಿರಲಿಲ್ಲ. ರಜೆ ಸಿಕ್ಕರೆ ಮಲಗಿದರೆ ಸಾಕು ಅನ್ನುವ ಕಾಲ. ಅಂಥ ಕಾಲದಲ್ಲೇ ಅವಳಿಗೆ ಈ ಜಗಲಿಯ ಹುಚ್ಚು ಹಿಡಿಯಿತು.

ಕಾರಣ ಗಂಡ. ಲಾರಿ ಓಡಿಸಿಕೊಂಡು ಏಳು ಕೆರೆಯ ನೀರು ಕುಡಿದ ಮನುಷ್ಯ, ಸಕ್ಕರೆ ಕಾಯಿಲೆಗೆ ಒಂದು ಕಾಲು ಕಳೆದುಕೊಂಡ ಮೇಲೆ ಗಾಲಿಕುರ್ಚಿಯಲ್ಲಿ ಕೂತವನು ಕಿಟಕಿ ಬಿಟ್ಟು ಕದಲಿರಲಿಲ್ಲ. ಮುಂಬಾಗಿಲು ತೆರೆದರೆ ಗಲಾಟೆಯ ರಸ್ತೆ. ಅಡುಗೆಮನೆಯ ಹಿಂದೆ ಮಾತ್ರ ಪುಟ್ಟ ಹಿತ್ತಿಲಿತ್ತು, ಅದರಲ್ಲೊಂದು ನಿಂಬೆ ಗಿಡವಿತ್ತು. ಆದರೆ ಹೊಸ್ತಿಲು ದಾಟಿದರೆ ಎರಡು ಮೆಟ್ಟಿಲು, ಅದರಾಚೆ ಕೆಸರು. ಹೊಸ್ತಿಲಿನ ಸಮಕ್ಕೆ ಹಲಗೆ ಹಾಸಿಸಿದರೆ ಕುರ್ಚಿ ಸಲೀಸಾಗಿ ಉರುಳುತ್ತದೆ ಎಂದು ಅವಳು ಗಂಡನಿಗೆ ಹೇಳಿದಳು. ಯಾರಿಗೆ ಬೇಕು ಅದೆಲ್ಲ ಎಂದು ಅವನು ಮುಖ ತಿರುಗಿಸಿದ.

ಹುಮ್ಮಸ್ಸು ತೋರಿಸಿದವನು ಮೈದುನ. ಬಾಯಲ್ಲೇ ಅರಮನೆ ಕಟ್ಟುವ ಆಸಾಮಿ. ಮರ ಕೊಡಿಸುವುದು, ಜೋಡಿಸುವುದು ಎಲ್ಲ ತನ್ನ ಪಾಲಿಗಿರಲಿ, ಅತ್ತಿಗೆ ಸುಮ್ಮನೆ ಜೊತೆಗೆ ಬಂದರೆ ಸಾಕು ಎಂದ. ಮೊದಲ ಅಂಗಡಿಯ ತೇಗದ ಬೆಲೆ ಕೇಳಿ ಅವಳು ಸವರುತ್ತಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಎರಡನೆಯದರಲ್ಲಿ ಪ್ಲಾಸ್ಟಿಕ್ ಬೆರೆಸಿದ ಹಲಗೆ; ಬಿಸಿಲಿಗೆ ಹೆಂಚಿನ ಹಾಗೆ ಕಾಯುತ್ತದೆ ಎಂದು ಅಂಗಡಿಯವನೇ ಒಪ್ಪಿಕೊಂಡ. ಸುತ್ತಿ ಸುತ್ತಿ ಅವಳ ಪಾದ ಊದಿದ್ದಾಗ ಊರಾಚೆಯ ಸಾಮಿಲ್ಲೊಂದರಲ್ಲಿ ಅಗ್ಗದ ಮಾಲು ಸಿಕ್ಕಿತು. ಟಾರ್ಪಾಲು ಸರಿಸಿ ತೋರಿಸಿದ ಮೇಲಿನ ಸಾಲು ನೇರವಾಗಿ, ನುಣ್ಣಗಿತ್ತು. ಕೆಳಗಿನ ಸಾಲನ್ನು ನೋಡುವ ತಾಳ್ಮೆ ಮೈದುನನಿಗಿರಲಿಲ್ಲ, ತ್ರಾಣ ಅವಳಿಗಿರಲಿಲ್ಲ.

ಹಿತ್ತಿಲ ಗೋಡೆಗೆ ಒರಗಿಸಿದ ಹಲಗೆಗಳು ಬಿಸಿಲು ಕಂಡದ್ದೇ ತಡ, ಸೆಟೆದುಕೊಳ್ಳತೊಡಗಿದವು. ಒಂದು ಬಿಲ್ಲಿನಂತೆ ಬಾಗಿತು, ಇನ್ನೊಂದು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿತು. ಮೈದುನ ಫೋನು ಎತ್ತುವುದನ್ನು ನಿಲ್ಲಿಸಿದ.

ಅವಳು ಮೆಟ್ಟಿಲ ಮೇಲೆ ಕೂತು ಆ ಡೊಂಕು ರಾಶಿಯನ್ನೇ ನೋಡಿದಳು. ಅಳುವುದಕ್ಕೂ ಒಂದಿಷ್ಟು ಶಕ್ತಿ ಬೇಕು, ಅದು ಇರಲಿಲ್ಲ. ಹಿಂದಿನಿಂದ ಗಾಲಿಯ ಸದ್ದು ಕೇಳಿತು. ಗಂಡ ಅಡುಗೆಮನೆಯ ಹೊಸ್ತಿಲವರೆಗೆ ಬಂದಿದ್ದ.

"ಹಸಿ ಮರ ಕಣೇ ಅದು," ಎಂದ. "ವ್ಯಾನು ಮಾಡು, ವಾಪಸು ಕೊಟ್ಟು ಬರೋಣ. ನಾನೂ ಬರ್ತೀನಿ."

ಅವಳು ನಂಬಲಿಲ್ಲ. ಆದರೆ ಮುಂದಿನ ರಜೆಯ ದಿನ ಅವನು ಬೆಳಿಗ್ಗೆಯೇ ಗಡ್ಡ ಕೆರೆದುಕೊಂಡು ಅಂಗಿ ಬದಲಿಸಿ ಕೂತಿದ್ದ.

ಸಾಮಿಲ್ಲಿನ ಯಜಮಾನ, ಮಾರಿದ ಮರ ವಾಪಸು ತಗೊಳ್ಳುವ ಪದ್ಧತಿ ತನ್ನಲ್ಲಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ. ಗಂಡ ಜಗಳವಾಡಲಿಲ್ಲ. ಕುರ್ಚಿಯನ್ನು ಮೆಲ್ಲಗೆ ಗೇಟಿನ ನಟ್ಟನಡುವೆ ತಂದು, ಗಾಲಿಗೆ ಬ್ರೇಕು ಹಾಕಿದ.

"ಅವಸರ ಇಲ್ಲ ಸ್ವಾಮಿ, ಯೋಚನೆ ಮಾಡಿ ಹೇಳಿ. ಈಗ ಕೂರೋದೇ ನನ್ನ ಕೆಲಸ."

ದಿಮ್ಮಿ ಹೇರಿಕೊಂಡು ಬಂದ ಲಾರಿಯೊಂದು ಹೊರಗೆ ನಿಂತು ಹಾರನ್ ಹೊಡೆಯಿತು. ಚಾಲಕ ಬೈಯುತ್ತ ಇಳಿದು ಬಂದವನು, ಗಂಡನ ಮಾತು ಕೇಳಿ ಇವನೂ ಸ್ಟೀರಿಂಗ್ ಹಿಡಿದವನೇ ಎಂದು ತಿಳಿದ ಮೇಲೆ, ಎಂಜಿನ್ ಆಫ್ ಮಾಡಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. ಇಬ್ಬರೂ ಟೈರಿನ ವಿಷಯ ಮಾತಾಡತೊಡಗಿದರು. ಅವಳು ನಾಚಿಕೆಯಿಂದ ಸೆರಗು ಎಳೆದುಕೊಂಡು ಬೇರೆ ಕಡೆ ನೋಡಿದಳು. ಎರಡನೆಯ ಲಾರಿಯೂ ಬಂದು ನಿಂತಾಗ ಸಾಮಿಲ್ಲಿನ ಯಜಮಾನ ತನ್ನ ಆಫೀಸಿನ ಮೆಟ್ಟಿಲಿಳಿದು ಬಂದ. ಡೊಂಕು ಹಲಗೆಗಳನ್ನು ಅರ್ಧ ಬೆಲೆಗೆ ತಗೊಂಡು, ಆ ಹಣಕ್ಕೆ ಬರುವಷ್ಟು ಹಿಂದಿನ ಷೆಡ್ಡಿನ ಒಣ ಮರ ಕೊಡುತ್ತೇನೆ ಎಂದ. ಅಂದುಕೊಂಡದ್ದರ ಅರ್ಧ ಜಗಲಿಗೂ ಅದು ಸಾಲದು. ಆದರೂ ಗಂಡ ತಲೆಯಾಡಿಸಿದ.

ಆರಿಸುವ ಕೆಲಸ ಅವನದು, ಹೊರುವ ಕೆಲಸ ಅವಳದು. ಅವಳು ಒಂದೊಂದು ಹಲಗೆಯನ್ನೂ ಎಳೆದು ತಂದು ಅವನ ಮುಂದೆ ಹಿಡಿಯಬೇಕು. ಅವನು ಒಂದು ಕಣ್ಣು ಮುಚ್ಚಿ ಅದರ ಅಂಚಿನುದ್ದಕ್ಕೂ ದೂರದ ರಸ್ತೆ ನೋಡುವವನಂತೆ ನೋಡಿ, "ಬೇಡ" ಅನ್ನಬೇಕು. ಮೂರನೆಯ ಬೇಡಕ್ಕೆ ಅದೇ ಹಲಗೆಯಿಂದ ಅವನ ತಲೆಗೊಂದು ಕೊಡಬೇಕೆನ್ನಿಸಿತು ಅವಳಿಗೆ. ಹಾಗಂತ ಹೇಳಿಯೂಬಿಟ್ಟಳು. ಗಂಟಿಲ್ಲದ್ದು ನೋಡಿ ಹೊಡಿ, ಹಲಗೆ ಸೀಳಿದರೆ ನಷ್ಟ ಎಂದನಾತ. ಅವಳು ನಗು ತಡೆಯಲಾರದೆ ರಾಶಿಯ ಮೇಲೆಯೇ ಕೂತುಬಿಟ್ಟಳು.

ಸುದ್ದಿ ಕೇಳಿದ ಮೈದುನ ಡ್ರಿಲ್ಲು ಹಿಡಿದುಕೊಂಡು, ತಲೆ ತಗ್ಗಿಸಿಕೊಂಡೇ ಬಂದು, ಜೋಡಿಸಿಕೊಟ್ಟ. ಬಿಗಿಯಾದ, ಅಲುಗದ ಕೆಲಸ. ಆದರೆ ಜಗಲಿ ಎಷ್ಟು ಚಿಕ್ಕದೆಂದರೆ ಕುರ್ಚಿ ಅದರ ಮೇಲೆ ಹೋಗುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ಒಳಗೆ ಬರಬೇಕೆಂದರೆ ಅವಳೇ ಹಿಂದಿನಿಂದ ಎಳೆಯಬೇಕು. ಎಳೆಯುವ ಕೆಲಸಕ್ಕೆ ಇನ್ನೊಂದು ಸೇರಿತು, ಅಷ್ಟೇ.

ಆ ಸಂಜೆ ಅವನು ನಿಂಬೆ ಗಿಡದ ಕಡೆ ಮುಖ ಮಾಡಿ ಬಹಳ ಹೊತ್ತು ಕೂತ. ಅವಳು ಹಲಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು, ಅವನ ಗಾಲಿಗೆ ಬೆನ್ನು ಒರಗಿಸಿದಳು. ಸೊಳ್ಳೆ ಶುರುವಾದವು, ಒಳಗೆ ಹೋಗೋಣ ಎಂದು ಅವನು ಹೇಳಿದ್ದು ಎಲ್ಲೋ ದೂರದಿಂದ ಕೇಳಿಸಿತು.

"ಸ್ವಲ್ಪ ಹೊತ್ತು ಇರ್ರೀ," ಎಂದಳು, ಕಣ್ಣು ತೆರೆಯದೆ.

ಅವನು ಸೊಳ್ಳೆ ಹೊಡೆಯುತ್ತ ಕಾದ.