ಮತ್ತು ಸಂಗಡಿಗರು

ಒದ್ದೆ ಚಾದರದ ಒಂದು ತುದಿ ಅತ್ತೆಯ ಕೈಯಲ್ಲಿ, ಇನ್ನೊಂದು ಸೊಸೆಯ ಕೈಯಲ್ಲಿ. ಇಬ್ಬರೂ ಹಿತ್ತಲಲ್ಲಿ ಎದುರುಬದುರು ನಿಂತು ಹಿಂಡುತ್ತಿದ್ದರು. ಒಳಗೆ ಸೊಸೆಯ ಕಂಪ್ಯೂಟರಿನಲ್ಲಿ ಹಳೆಯ ಕ್ಯಾಸೆಟ್ಟಿನ ಹಾಡೊಂದು ತನ್ನ ಪಾಡಿಗೆ ನಡೆದಿತ್ತು.

ಅದು ಅವಳ ಹೊಟ್ಟೆಪಾಡು. ಹಾಡುಗಳು ಫೋನಿನ ಆ್ಯಪುಗಳಿಗೆ ಹೋಗುವ ಮುನ್ನ ಹಾಡಿನ ಹೆಸರು, ಹಾಡಿದವರ ಹೆಸರು ಎರಡನ್ನೂ ಒಪ್ಪ ಮಾಡಿ ಕೂರಿಸಬೇಕು. ಒಂದು ಖಾನೆಗೆ ಒಂದೇ ಹೆಸರು. ಕ್ಯಾಸೆಟ್ಟಿನ ರಟ್ಟಿನ ಮೇಲೆ "ಮತ್ತು ಸಂಗಡಿಗರು" ಎಂದಿದ್ದರೆ ಅಳಿಸಿಬಿಡಬೇಕು. ಸಂಗಡಿಗರು ಅನ್ನುವ ಮನುಷ್ಯ ಎಲ್ಲಿದ್ದಾನೆ? ಪಾತ್ರೆಯ ಮಸಿ ಉಜ್ಜಿದಷ್ಟೇ ಸಲೀಸಾಗಿ ಅವಳು ಅದನ್ನು ಉಜ್ಜಿ ಹಾಕುತ್ತ ಬಂದಿದ್ದಳು.

ಹಾಡಿನಲ್ಲಿ ಗಂಡಸಿನ ದನಿ ಇಳಿದು ಹೆಂಗಸಿನ ದನಿ ಏರಿತು. ಚಾದರ ಅತ್ತೆಯ ಕೈಯಿಂದ ಜಾರಿ ಕೆಸರಿಗೆ ಬಿತ್ತು.

"ಅಯ್ಯೋ, ಈಗಷ್ಟೇ ಒಗೆದದ್ದು! ಏನಾಯ್ತತ್ತೆ?"

ಅತ್ತೆ ಗೋಡೆ ಹಿಡಿದುಕೊಂಡಳು. ಆಮೇಲೆ ಹಾಡಿನ ಹೆಂಗಸಿನ ಜೊತೆಜೊತೆಗೇ ಮುಂದಿನ ಸಾಲು ಹಾಡಿದಳು.

ಎರಡು ದನಿ, ಒಂದೇ ಗಂಟಲು. ಈ ಮನೆಗೆ ಕಾಲಿಟ್ಟಾಗಿನಿಂದ ಅತ್ತೆ ಒಂದು ಜೋಗುಳ ಗುನುಗಿದ್ದನ್ನೂ ಸೊಸೆ ಕೇಳಿರಲಿಲ್ಲ.

"ನೀವಾ?"

"ನಾನೇ ಕಣೇ. ಗಂಡು ದನಿ ನಮ್ಮಣ್ಣಂದು."

ಅತ್ತೆಗೆ ಮಾತು ಬಿಟ್ಟ ಅಣ್ಣನೊಬ್ಬ ಇದ್ದಾನೆಂದಷ್ಟೇ ಸೊಸೆಗೆ ಗೊತ್ತಿತ್ತು. ಅವನ ಹೆಸರು ಈ ಮನೆಯಲ್ಲಿ ಯಾರ ನಾಲಿಗೆಯ ಮೇಲೂ ಬಂದದ್ದಿಲ್ಲ. ಬೆಳಿಗ್ಗೆ ಆ ಹೆಸರನ್ನು ತಾನೇ ಒಪ್ಪವಾಗಿ ಕೂರಿಸಿದ್ದಳು. ಪಕ್ಕದಲ್ಲಿ "ಮತ್ತು ಸಂಗಡಿಗರು" ಆಗಿದ್ದ ಅತ್ತೆಯನ್ನೂ ತಾನೇ ಅಳಿಸಿದ್ದಳು.

"ಒಡಹುಟ್ಟಿದವಳ ಹೆಸರನ್ನೇ ನುಂಗಿದ್ನಲ್ಲ, ಎಂಥಾ ಮನುಷ್ಯ!"

"ಅವನನ್ನ ಬೈಬೇಡ. 'ನಿನ್ನ ಹೆಸರು ಹಾಕಿಸಲಾ?' ಅಂತ ಕಾಗದ ಬರೆದು ಕೇಳಿದ್ದ. ಆಗಷ್ಟೇ ನಂಗೆ ಮದುವೆ ಆಗಿತ್ತು. ನಮ್ಮತ್ತೆಗೆ ಹೆದರಿ ನಾನೇ ಉತ್ತರ ಬರೀಲಿಲ್ಲ. ಅವನಿಗೆ ಬೇಜಾರಾಯ್ತು, ನಂಗೆ ನಾಚಿಕೆ ಆಯ್ತು. ಅಲ್ಲಿಗೆ ನಿಂತೇಹೋಯ್ತು."

ಹೆದರಿಕೆಗೇ ಹೆಸರು ಹೋಯಿತೆಂಬ ಈ ಮಾತು ಸೊಸೆಗೆ ಮೊದಲಿನದಕ್ಕಿಂತ ದೊಡ್ಡ ಪೆಟ್ಟು.

ಹಾಡುಗಳ ಬಿಡುಗಡೆ ಮರುದಿನವೇ. ಅವಳು ಕೂಡಲೇ ತನಗೆ ಕೆಲಸ ಕೊಟ್ಟ ಕಂಪನಿಯ ಯಜಮಾನನಿಗೆ ಫೋನು ಹಚ್ಚಿದಳು.

"ನಿಮ್ಮತ್ತೇನಾ? ನಾಳೆ ನಮ್ಮಜ್ಜಿ ಬಂದು ತಬಲಾ ನಂದು ಅಂತಾಳೆ!" ಅವನು ನಕ್ಕ. ಸೊಸೆ ನಗದಿದ್ದಾಗ ದನಿ ತಗ್ಗಿಸಿದ. "ಮುಖ್ಯ ಗಾಯಕರು ಒಪ್ಪಿ ಬರೆದುಕೊಟ್ರೆ ಸೇರಿಸೋಣ. ಒಂದು ವಾರ ತಡೀತೀನಿ, ಆಮೇಲೆ ನನ್ನ ಕೈಲಿಲ್ಲ. ಅವರ ನಂಬರು, ವಿಳಾಸ ಎರಡೂ ಕಳಿಸ್ತೀನಿ."

"ಫೋನ್ ಮಾಡಿಬಿಡಿ ಅತ್ತೆ."

"ಬೇಡ. ಕಾಗದಕ್ಕೆ ಕಾಗದವೇ ಉತ್ತರ."

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು ಕೂತಳು. ಬರೆದಳು, ಹರಿದಳು, ಮತ್ತೆ ಬರೆದಳು. "ಹೆಸರು ಹಾಕಿಸು ಅಣ್ಣಾ" ಅನ್ನುವ ಮೊದಲ ಸಾಲನ್ನಷ್ಟೇ ಸೊಸೆಗೆ ತೋರಿಸಿದಳು. ಉಳಿದದ್ದನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

ರಸ್ತೆಯ ತಿರುವಿನ ಅಂಚೆಪೆಟ್ಟಿಗೆಯ ಬಾಯಿಗೆ ಲಕೋಟೆ ತೂರಿಸಿದವಳು ತುದಿ ಬಿಡದೆ ಹಾಗೇ ನಿಂತಳು.

"ಬಿಡಿ ಅತ್ತೆ."

"ತಡಿಯೇ, ಬಿಡ್ತೀನಿ," ಎಂದಳು ಅತ್ತೆ. ಬಿಟ್ಟಳು.