ಬೆನ್ನ ಮೇಲಿನ ಬಸವನಹುಳು

ಮೆಟ್ಟಿಲಿಳಿಯುವಾಗ ಅವರು ಎಂದೂ ನೇರವಾಗಿ ಇಳಿದವರಲ್ಲ. ಗೋಡೆಗೆ ಭುಜ ತಾಗಿಸಿ, ಅಡ್ಡಡ್ಡಲಾಗಿ, ಒಂದೊಂದೇ ಮೆಟ್ಟಿಲನ್ನು ಪಾದದಿಂದ ವಿಚಾರಿಸಿಕೊಂಡು, ಹಿಂದೆ ಯಾರೂ ಇಲ್ಲದಿದ್ದರೂ ಬಲಗೈಯನ್ನು ಹಿಂದಕ್ಕೆ ಚಾಚಿಕೊಂಡೇ ಇಳಿಯುತ್ತಿದ್ದರು. ಟೀ ಲೋಟ ಎತ್ತಿದವರಿಗೂ, ಕುರ್ಚಿ ಎಳೆದವರಿಗೂ, ರಜೆಯ ಮೇಲೆ ಹೊರಟವರಿಗೂ ‘ಜೋಪಾನ’ ಎನ್ನುತ್ತಿದ್ದುದರಿಂದ ಕಚೇರಿಯಲ್ಲಿ ಆ ಮಾತೇ ಅವರಿಗೆ ಹೆಸರಾಗಿ ಅಂಟಿಕೊಂಡಿತ್ತು.

ನಮ್ಮದು ವಿಡಿಯೋ ಗೇಮ್ ತಯಾರಿಸುವ ಸಣ್ಣ ಸಂಸ್ಥೆ. ಪಾತ್ರಗಳು ಎಲ್ಲಿ ನೆಗೆಯಬೇಕು, ಹಳ್ಳ ಎಷ್ಟು ಅಗಲವಿರಬೇಕು ಎಂದು ನಿರ್ಧರಿಸುವ ವಿನ್ಯಾಸಕಾರರು ಜೋಪಾನ. ಆ ಪಾತ್ರಗಳ ಬಾಯಿಗೆ ನಾಲ್ಕು ಮಾತು ಹಾಕುವ ಕೂಲಿ ನಾನು. ಏಸಿಯ ಚಳಿಗೆಂದು ತೊಟ್ಟು ಮನೆಯಲ್ಲೂ ಅವರು ಕಳಚದಿದ್ದ ಬೂದುಬಣ್ಣದ ಕೋಟಿನ ಮೊಣಕೈಗಳು ಮೇಜಿಗೆ ಉಜ್ಜಿ ಉಜ್ಜಿ ನುಣುಪಾಗಿದ್ದವು. ಅದರ ಜೇಬಿನಲ್ಲಿ ಸದಾ ಬ್ಯಾಟರಿ ಸೆಲ್ಲುಗಳು, ಯಾರ ಕಂಟ್ರೋಲರೂ ಆಟದ ನಡುವೆ ಕೈಕೊಡಬಾರದೆಂದು.

ಅವರ ಜೀವಮಾನದ ಆಟವೆಂದರೆ ಒಂದು ಕಪ್ಪೆ ಮತ್ತು ಒಂದು ಬಸವನಹುಳುವಿನದು. ಮೊದಲ ಆಟಗಾರನ ಕಪ್ಪೆ ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತದೆ, ಹಳ್ಳಕ್ಕೆ ಬೀಳುತ್ತದೆ, ಮತ್ತೆ ಹೊರಡುತ್ತದೆ. ಎರಡನೆಯವರ ಬಸವನಹುಳು ಅದರ ಬೆನ್ನೇರಿ ನಕ್ಷತ್ರ ಆರಿಸಿಕೊಳ್ಳುತ್ತದೆ. ಕಪ್ಪೆ ಬಿದ್ದಾಗಲೂ ಹುಳು ಗುಳ್ಳೆಯೊಳಗೆ ತೇಲಿ ಸುಖವಾಗಿ ದಡ ಸೇರುತ್ತದೆ. ಆಡುವವರು ಏನೇ ಎಡವಟ್ಟು ಮಾಡಿದರೂ ಅದು ಬೀಳುವುದಿಲ್ಲ. ಈ ಏರ್ಪಾಟು ಅವರ ಅಕ್ಕನಿಗಾಗಿ. ಹುಟ್ಟಿನಿಂದಲೇ ಅಕ್ಕನ ಕೈಕಾಲುಗಳು ಮನಸ್ಸು ಹೇಳಿದ್ದನ್ನು ಒಂದು ಕ್ಷಣ ತಡವಾಗಿ ಕೇಳುತ್ತಿದ್ದವು. ಬಾಲ್ಯದಲ್ಲಿ ಯಾವ ವಿಡಿಯೋ ಗೇಮಿನಲ್ಲೂ ಆಕೆ ಮೊದಲ ಹಳ್ಳ ದಾಟಿದ್ದಿಲ್ಲ. ಓರಗೆಯ ಮಕ್ಕಳು ನಗುವಾಗ ಪಕ್ಕದಲ್ಲಿ ಕೂತ ತಮ್ಮನ ಮುಖ ಕೆಂಪಾಗುತ್ತಿತ್ತಂತೆ. ಮೆಟ್ಟಿಲಿಳಿಯುವಾಗ ಹಿಂದಕ್ಕೆ ಚಾಚುವ ಆ ಕೈಯೂ ಅಕ್ಕನನ್ನು ಇಳಿಸಿ ಇಳಿಸಿ ಬಂದ ಅಭ್ಯಾಸ.

ಆಟ ಬಿಡುಗಡೆಯಾಯಿತು, ವಿಮರ್ಶಕರು ಎರಡು ಪಾಲಾದರು. ‘ಇಡೀ ಮನೆ ಒಂದೇ ಸೋಫಾದಲ್ಲಿ ಕೂತು ಆಡಬಹುದಾದ ಕರುಣಾಮಯ ಸೃಷ್ಟಿ’ ಎಂದರು ಒಬ್ಬರು. ‘ನೋಡಲು ಚೆಂದ, ಆಡಲು ಸಪ್ಪೆ’ ಎಂದರು ಇನ್ನೊಬ್ಬರು. ಸಂಭಾಷಣೆ ಇಲ್ಲದಿದ್ದರೂ ನಡೆಯುತ್ತಿತ್ತು ಎಂಬ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಅಭಿಪ್ರಾಯ. ಜೋಪಾನರನ್ನು ಇರಿದದ್ದು ಒಂದು ಪತ್ರಿಕೆಯ ಮಾತು: ‘ಇಬ್ಬರ ಆಟವೆಂದು ಹೇಳಿ ಒಬ್ಬರಿಗಷ್ಟೇ ಆಡಲು ಕೊಟ್ಟಿದ್ದಾರೆ. ಬೀಳಲಾರದ ಬಸವನಹುಳು ಸಾಮಾನೇ ಹೊರತು ಆಟಗಾರನಲ್ಲ.’ ಹೊಗಳಿಕೆಗಳನ್ನೆಲ್ಲ ಅವರು ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದರು. ಇದನ್ನು ಮುಚ್ಚಿಟ್ಟರು.

ಮುಂದಿನ ಅಪ್‌ಡೇಟಿನಲ್ಲಿ ಬಸವನಹುಳುವೂ ನೆಗೆಯಲಿ, ಬೀಳಲಿ ಎಂದರು ನಮ್ಮ ಮಾಲೀಕರು. ಅಷ್ಟು ಹೊತ್ತೂ ಮೆಲುದನಿಯಲ್ಲಿದ್ದ ಜೋಪಾನ ಥಟ್ಟನೆ ಎದ್ದು ನಿಂತರು. “ನಾನಿರೋವರೆಗೂ ಅದು ಬೀಳಲ್ಲ. ಬೀಳಿಸ್ಲೇಬೇಕು ಅಂದ್ರೆ ಬೇರೆಯವರನ್ನ ಇಟ್ಕೊಳ್ಳಿ.” ಹೊರಗೆ ಹೋಗುವಾಗ ಬಾಗಿಲನ್ನು ಯಾರ ಬೆರಳಿಗೂ ಸಿಗದಂತೆ ಮೆಲ್ಲಗೆ ಮುಚ್ಚಿದರು, ಸಿಟ್ಟಿನಲ್ಲೂ ಜೋಪಾನ ಜೋಪಾನವೇ.

ಅವರ ಮನವೊಲಿಸಲು ನನ್ನನ್ನು ಮನೆಗೆ ಅಟ್ಟಲಾಯಿತು. ಎರಡನೆಯ ಮಹಡಿಯ ಆ ಪುಟ್ಟ ಮನೆಗೆ ಅಂದು ಅಕ್ಕನೂ ಬಂದಿದ್ದರು. ಆಕೆಗೆ ಗ್ರಂಥಾಲಯದಲ್ಲಿ ಕೆಲಸ. ಊರಿನ ಪತ್ರಿಕೆಗಳೆಲ್ಲ ಮೊದಲು ಆಕೆಯ ಮೇಜಿಗೇ ಬರುತ್ತವೆಂಬುದು ತಮ್ಮನಿಗೆ ಹೊಳೆದೇ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಆಕೆ ಹೇಳಿಬಿಟ್ಟರು:

“ಬರೆದೋನು ಸರಿಯಾಗೇ ಬರೆದಿದಾನೆ ಕಣೋ.”

“ನಿಂಗೆ ಖುಷಿಯಾಗಿತ್ತಲ್ಲ ಅಕ್ಕ?”

“ನಿನ್ ಜೊತೆ ಕೂರೋದು ಖುಷಿ. ಆಡೋದು ನೀನು, ನಂದು ಬರೀ ಸವಾರಿ. ಚಿಕ್ಕೋರಿದ್ದಾಗ ಆ ಹುಡುಗರು ನಗ್ತಿದ್ರಲ್ಲ, ಆಗ ನಂಗೆ ಅಷ್ಟೇನೂ ಬೇಜಾರಾಗ್ತಿರ್ಲಿಲ್ಲ. ನೀನು ಕೈಯಿಂದ ಕಂಟ್ರೋಲರ್ ಕಿತ್ಕೊಂಡು ನನ್ ಪಾಲಿನ ಹಳ್ಳಾನೂ ದಾಟಿಸ್ತಿದ್ದೆ ನೋಡು, ಅದಕ್ಕೆ ಆಗ್ತಿತ್ತು.”

ಜೋಪಾನ ಕೈಯನ್ನು ಕೋಟಿನ ಜೇಬಿಗಿಳಿಸಿದರು. ಸೆಲ್ಲುಗಳು ಒಂದಕ್ಕೊಂದು ತಾಗುವ ಸದ್ದು ಮಾತ್ರ ಕೇಳುತ್ತಿತ್ತು. ನನಗೆ ಅವರ ಮೇಲೆ ಕನಿಕರ ಉಕ್ಕಿಬಂತು. ಹೊಗಳಿದ ವಿಮರ್ಶಕರೆಲ್ಲ ಒಟ್ಟಾಗಿ ಬಂದಿದ್ದರೂ ಆಗ ಅವರನ್ನು ಸಂತೈಸಲಾಗುತ್ತಿರಲಿಲ್ಲ.

ಅವರು ಕೆಲಸ ಬಿಡಲಿಲ್ಲ. ಬಸವನಹುಳುವನ್ನು ತಮ್ಮ ಕೈಯಾರೆ ಕಪ್ಪೆಯ ಬೆನ್ನಿಂದ ಇಳಿಸಿದರು, ಗುಳ್ಳೆಯನ್ನು ತೆಗೆದುಹಾಕಿದರು. ಗುಂಡಿ ಒತ್ತುವುದು ತುಸು ತಡವಾದರೂ ನೆಗೆತ ಒಪ್ಪಿಗೆಯಾಗುವಂತೆ ಮಾಡಿದರು, ಆದರೆ ಹಳ್ಳವನ್ನು ಹಳ್ಳವಾಗಿಯೇ ಬಿಟ್ಟರು. ಕರುಣಾಮಯ ಎಂದಿದ್ದವರು ಈಗ ‘ಹಿಂದಿನ ಮಾರ್ದವ ಹೋಯಿತು’ ಎಂದು ಕೊರಗಿದರು. ಇರಿದಿದ್ದ ಪತ್ರಿಕೆಯವರು ಮತ್ತೆ ಆ ಕಡೆ ತಲೆಹಾಕಲಿಲ್ಲ.

ಅಕ್ಕ ಹೊಸ ಆಟ ಆಡಿದ ದಿನ ನಾನೂ ಜೋಪಾನರ ಮನೆಯಲ್ಲಿದ್ದೆ. ಮೊದಲ ಹಳ್ಳಕ್ಕೇ ಬಿದ್ದರು, ಮತ್ತೆ ಬಿದ್ದರು, ನಕ್ಕರು. ಪ್ರತಿ ಸಲವೂ ತಮ್ಮನ ಕೈ ತಾನಾಗಿ ಕಂಟ್ರೋಲರಿನತ್ತ ಹೊರಡುತ್ತಿತ್ತು. “ಸುಮ್ನಿರೋ, ಇದು ನನ್ ಹಳ್ಳ” ಎಂದರು ಅಕ್ಕ. ಹಳ್ಳ ದಾಟಿದಾಗ ಆಕೆ ಕೂಗಿದ ಕೂಗಿಗೆ ಕೆಳಮನೆಯವರು ಗಾಬರಿಯಾಗಿ ಬಾಗಿಲು ತೆರೆದರು.

ಸಂಜೆ ಆಕೆ ಹೊರಟಾಗ ನಾವೂ ಜೊತೆಗೆ ಇಳಿದೆವು. ಅಂದು ಮುಂದೆ ಇಳಿದವರು ಅಕ್ಕ, ಕಂಬಿ ಹಿಡಿದು, ನಿಂತು ನಿಂತು. ಜೋಪಾನ ಬಲಗೈಯನ್ನು ಕೋಟಿನ ಜೇಬಿನೊಳಗೆ ಮುಷ್ಟಿ ಕಟ್ಟಿ ಇಟ್ಟುಕೊಂಡಿದ್ದರು, ಹಣೆಯಲ್ಲಿ ಬೆವರಿತ್ತು. ತಮ್ಮವರ ದಾರಿಯ ಕಲ್ಲುಮುಳ್ಳನ್ನೆಲ್ಲ ಆರಿಸುತ್ತಲೇ ಆಯುಷ್ಯ ಕಳೆಯುವ ಇಂಥ ಮಂದಿ ಪ್ರತಿಯೊಂದು ಮನೆಯಲ್ಲೂ ಒಬ್ಬರಿರುತ್ತಾರೆ. ಕೈ ಚಾಚುವುದು ಅವರಿಗೆ ಯಾರೂ ಕಲಿಸದೆ ಬರುತ್ತದೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಹಿಂದೆ ನಿಲ್ಲುವುದೂ ಪ್ರೀತಿಯೇ ಎಂಬುದನ್ನು ಮಾತ್ರ, ಹೀಗೆ, ಬೆವರುತ್ತ ಕಲಿಯಬೇಕಾಗುತ್ತದೆ.