ಎರಡು ಪದರ ಕ್ಯಾನ್ವಾಸು

ಶನಿವಾರ ಬೆಳಿಗ್ಗೆ ಹತ್ತೂಕಾಲಿಗೆ ಗಂಡ ಹೆಂಡತಿ ಇಬ್ಬರೂ ಸ್ಪೀಕರ್ ಅಂಗಡಿಯ ಮೆಟ್ಟಿಲು ಹತ್ತಿದರು. ಮನೆಯಲ್ಲಿದ್ದ ಹಳೆಯ ಜೋಡಿ ಕೆಟ್ಟುಹೋಗಿದೆ ಎಂದು ಗಂಡ ನಂಬಿದ್ದ. ಅದು ಕೆಟ್ಟಿಲ್ಲ ಎಂಬುದು ಹೆಂಡತಿಗೆ ಗೊತ್ತಿತ್ತು.

ಬೀದಿಯವರಿಗೆಲ್ಲ ಆಕೆ ಟೈಲರಮ್ಮ. ಗಂಡ ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಮಿಷನ್‌ಮ್ಯಾನ್ ಆಗಿದ್ದು, ಎಂಟು ತಿಂಗಳ ಹಿಂದೆ ನಿವೃತ್ತನಾಗಿದ್ದ. ಅಲ್ಲಿಯವರೆಗೆ ಭಾನುವಾರದ ಮಟ್ಟಿಗಿದ್ದ ಆತನ ಹಾಡು ಕೇಳುವ ಚಟ, ನಿವೃತ್ತಿಯ ಮರುದಿನದಿಂದ ನಿತ್ಯದ್ದಾಯಿತು. ಮಧ್ಯಾಹ್ನ ನಾಲ್ಕಕ್ಕೆ ಶುರು, ಆರೂವರೆಗೆ ಮುಕ್ತಾಯ. ಚೂಪು ಸದ್ದನ್ನು ಏರಿಸುವ ಟ್ರೆಬಲ್ ನಾಬ್ ಯಾವಾಗಲೂ ಬಲಕ್ಕೆ, ಇನ್ನು ತಿರುಗದು ಎನ್ನುವಷ್ಟು.

ಆ ಹೊತ್ತಿನಲ್ಲಿ ಟೈಲರಮ್ಮನಿಗೆ ಬೇಕಾದದ್ದು ಬೆಳಕು. ಹಾಲ್‌ನ ದೊಡ್ಡ ಕಿಟಕಿ ಪಶ್ಚಿಮಕ್ಕಿತ್ತು. ಸೂಕ್ಷ್ಮ ಕೈಹೊಲಿಗೆಗೆ ಅಂಥ ಬೆಳಕು ಮನೆಯಲ್ಲಿ ಇನ್ನೆಲ್ಲೂ ಇರಲಿಲ್ಲ. ಆದರೆ ತಾಳದ ಚಿಣ್‌ಚಿಣ್ ಶುರುವಾದರೆ ಅದು ಹಲ್ಲಿನ ಬುಡಕ್ಕೇ ಹೋಗಿ ನಾಟುತ್ತಿತ್ತು. ಆಕೆ ಬಟ್ಟೆ ಮುದುರಿಕೊಂಡು ಹಿಂದಿನ ಕೋಣೆ ಸೇರಿ, ಟ್ಯೂಬ್‌ಲೈಟಿನ ಕೆಳಗೆ ಕಣ್ಣು ಕಿರಿದು ಮಾಡಿಕೊಂಡು ಕೂರುತ್ತಿದ್ದಳು. ಒಮ್ಮೆ ಕಡಿಮೆ ಮಾಡಿ ಎಂದದ್ದಕ್ಕೆ ಗಂಡ ನಕ್ಕು, "ನಿನಗೂ ಸಂಗೀತಕ್ಕೂ ಎಣ್ಣೆ ಸೀಗೆಕಾಯಿ, ಬಿಡು," ಎಂದಿದ್ದ. ಅದನ್ನೇ ಅವಳ ತಂಗಿಯೆದುರೂ ಹೇಳಿದ. ಇರಬಹುದು ಎಂದು ಟೈಲರಮ್ಮನೂ ಒಪ್ಪಿಕೊಂಡಿದ್ದಳು.

ಮೂರು ತಿಂಗಳ ಹಿಂದೆ ಸ್ಪೀಕರಿನ ಮುಂದಿನ ಬಟ್ಟೆ ಹರಿಯಿತು. "ನೀನೇ ಒಂದು ಹೊಲಿದು ಹಾಕು," ಎಂದ ಗಂಡ. ಆಕೆ ಕಪ್ಪು ಬಟ್ಟೆ ಕತ್ತರಿಸಿ, ಒಳಗೆ ಕೋಟು ಗಟ್ಟಿ ನಿಲ್ಲಲು ಹಾಕುವ ದಪ್ಪ ಕ್ಯಾನ್ವಾಸು ಎರಡು ಪದರ ಕೊಟ್ಟು, ಅಂಚು ಕಾಣದಂತೆ ಹೊಲಿದಳು. ಸದ್ದು ಮೆತ್ತಗಾಯಿತು. ಮರುದಿನದಿಂದ ಅವಳು ಕಿಟಕಿಯ ಬಳಿ ಕೂತಳು. ಗಂಡನ ನೆಮ್ಮದಿ ಹೋಯಿತು. ವೈರು ಬದಲಾಯಿಸಿದ. ಪಿನ್ನುಗಳನ್ನೆಲ್ಲ ಉಜ್ಜಿದ. ರೇಡಿಯೊ ರಿಪೇರಿಯವನನ್ನು ಕರೆಸಿ ಆಂಪ್ಲಿಫೈಯರ್ ಬಿಚ್ಚಿಸಿದ. ಆತ ಏನೂ ಆಗಿಲ್ಲ ಎಂದು ಮುಚ್ಚಿ ಹೋದ. ಕೊನೆಗೆ, "ಇವುಗಳ ಆಯಸ್ಸು ಮುಗೀತು ಕಣೇ," ಎಂಬ ತೀರ್ಮಾನಕ್ಕೆ ಬಂದ. ಹೊಸದು ಮನೆಗೆ ಬಂದರೆ ಹಿಂದಿನ ಕೋಣೆಯೇ ಗತಿ ಎಂದು ಟೈಲರಮ್ಮ ತಾನೂ ಜೊತೆಗೆ ಹೊರಟಳು.

ಅಂಗಡಿಯವನದು ಒಂದು ಕ್ರಮ. ಗಿರಾಕಿಗಳನ್ನು ಸ್ಪೀಕರಿಗೆ ಬೆನ್ನು ಮಾಡಿ ಸೋಫಾದಲ್ಲಿ ಕೂರಿಸುತ್ತಿದ್ದ. ಸದ್ದಿನ ಮೀಟರ್ ಹಿಡಿದು ಪ್ರತಿ ಜೋಡಿಯ ಮಟ್ಟವನ್ನೂ ಒಂದೇ ಗೆರೆಗೆ ತರುತ್ತಿದ್ದ.

"ಯಾಕೆ ಇಷ್ಟೆಲ್ಲ?" ಎಂದ ಮಿಷನ್‌ಮ್ಯಾನ್.

"ಇಲ್ಲದಿದ್ರೆ ನೋಡೋಕೆ ಚೆನ್ನಾಗಿರೋದೂ ಜೋರಾಗಿರೋದೂ ಗೆದ್ದುಬಿಡುತ್ತೆ ಸರ್. ಮದುವೆ ಸಂಬಂಧ ನೋಡೋ ಹಾಗೆ."

"ನನಗೆ ಅದೇ ಆಗಿದ್ದು," ಎಂದಳು ಟೈಲರಮ್ಮ. "ಎರಡೂ ಇತ್ತು."

ಮೊದಲ ಜೋಡಿ ಇಬ್ಬರಿಗೂ ಹಿಡಿಸಲಿಲ್ಲ. ಎರಡನೆಯದರಲ್ಲಿ ಹೆಂಗಸೊಬ್ಬಳು ಹಾಡಿದಳು. ಸಾಲಿನ ನಡುವೆ ಅವಳು ಉಸಿರು ತೆಗೆದುಕೊಂಡದ್ದು ಟೈಲರಮ್ಮನಿಗೆ ಕೇಳಿಸಿತು. ಪಕ್ಕದ ಕುರ್ಚಿಯಲ್ಲಿ ಯಾರೋ ಕೂತು ಉಸಿರಾಡಿದಷ್ಟು ಹತ್ತಿರ. ಆಕೆಗೆ ಆ ಹಾಡು ಇನ್ನೂ ಸ್ವಲ್ಪ ಇರಲಿ ಅನಿಸಿತು. ಹಾಗೆ ಅನಿಸಿದ್ದು ಅವಳಿಗೇ ಹೊಸತಾಗಿತ್ತು.

ಮೂರನೆಯ ಜೋಡಿಯಲ್ಲಿ ಅದೇ ಹಾಡು ಶುರುವಾಗಿ ಎರಡು ಸಾಲು ಆಗಿರಲಿಲ್ಲ, ಗಂಡ ತೊಡೆ ತಟ್ಟಿದ. "ಇದು ನೋಡು! ತಾಳ ಒಂದೊಂದೂ ಬಿಡಿಬಿಡಿಯಾಗಿ ಕೇಳ್ತಾ ಇದೆ. ಆ ಎರಡನೇದು ಕಂಬಳಿ ಹೊದ್ಕೊಂಡು ಹಾಡಿದ ಹಾಗಿತ್ತು. ಥೇಟ್ ನಮ್ಮನೇದೇ. ಇದನ್ನೇ ಪ್ಯಾಕ್ ಮಾಡಿ."

ಟೈಲರಮ್ಮನ ಬೆರಳು ಕಿವಿಯ ಹತ್ತಿರವಿತ್ತು. ಈಗ ಸುಮ್ಮನಿದ್ದರೆ ಮುಂದೆ ಹದಿನೈದು ವರ್ಷ ಸುಮ್ಮನಿರಬೇಕು ಎಂದು ಅವಳು ಲೆಕ್ಕ ಹಾಕಿದಳು.

"ನಮ್ಮನೇದು ಕಂಬಳಿ ಅಲ್ಲ ರೀ," ಎಂದಳು. "ಕ್ಯಾನ್ವಾಸು. ಎರಡು ಪದರ."

"ಏನು?"

"ಮುಂದಿನ ಬಟ್ಟೆ ಹೊಲಿದೆನಲ್ಲ. ಒಳಗೆ ಇಟ್ಟೆ."

ಗಂಡ ಅವಳ ಕಡೆ ತಿರುಗಿ ಕೂತ. "ಅಂದ್ರೆ ನಾನು ವೈರು ಬದಲಾಯಿಸಿದ್ದು?"

"ನೋಡ್ತಾ ಇದ್ದೆ."

"ರಿಪೇರಿಯವನ ಹತ್ರ ಜಗಳ ಆಡಿದ್ದು?"

"ಅವರಿಗೆ ಆಮೇಲೆ ಟೀ ಮಾಡಿ ಕೊಟ್ಟೆನಲ್ಲ."

ಅಂಗಡಿಯವ ತಲೆ ಬಗ್ಗಿಸಿ ಮೀಟರ್ ಒರೆಸತೊಡಗಿದ.

"ಬಾಯಿಬಿಟ್ಟು ಹೇಳಿದ್ರೆ ಏನಾಗ್ತಿತ್ತು ನಿನಗೆ?" ಗಂಡನ ದನಿ ಇಳಿದಿತ್ತು.

"ಹೇಳಿದ್ದೆ. ಎಣ್ಣೆ ಸೀಗೆಕಾಯಿ ಅಂದ್ರಿ."

ಆಗ ಅಂಗಡಿಯವ, "ಒಂದು ಸಣ್ಣ ಕೆಲಸ ಮಾಡೋಣ," ಎಂದ. "ಸ್ಪೀಕರಲ್ಲಿ ಒಂದು ಸಿಳ್ಳೆ ಹಾಕ್ತೀನಿ. ಜೋರಾಗಲ್ಲ, ಚೂಪಾಗ್ತಾ ಏರ್ತಾ ಹೋಗುತ್ತೆ. ಇಬ್ಬರೂ ಕೈ ಎತ್ತಿಕೊಂಡಿರಿ. ಕೇಳೋದು ನಿಂತಾಗ ಇಳಿಸಿ. ಗಂಡ ಹೆಂಡತಿ ಬಂದ್ರೆ ನಾನು ಇದನ್ನ ಮಾಡೇ ಮಾಡ್ತೀನಿ."

ಸಿಳ್ಳೆ ಏರಿತು. ಸ್ವಲ್ಪ ಹೊತ್ತಿಗೆ ಮಿಷನ್‌ಮ್ಯಾನ್ ಕೈ ಇಳಿಸಿ, "ಮುಗೀತು," ಎಂದ. ಪಕ್ಕಕ್ಕೆ ನೋಡಿದರೆ ಹೆಂಡತಿಯ ಒಂದು ಕೈ ಮೇಲೆಯೇ ಇತ್ತು, ಇನ್ನೊಂದು ಕೈ ಕಿವಿ ಮುಚ್ಚಿತ್ತು, ಮುಖ ಹುಳಿ ತಿಂದಂತಾಗಿತ್ತು.

"ಇನ್ನೂ ಬರ್ತಾ ಇದೆಯಾ?"

"ಇದೆ ರೀ. ನಿಲ್ಸೋಕೆ ಹೇಳಿ."

ಆತ ನಂಬಲಿಲ್ಲ. ಇನ್ನೊಮ್ಮೆ ಹಾಕಿಸಿದ, ಈ ಬಾರಿ ಮೀಟರನ್ನು ತಾನೇ ಕೈಯಲ್ಲಿ ಹಿಡಿದುಕೊಂಡ. ಮೂವತ್ತೊಂದು ವರ್ಷ ಮೀಟರಿನ ಮುಳ್ಳು ನಂಬಿ ಯಂತ್ರ ಓಡಿಸಿದವ. ಅವನ ಪಾಲಿಗೆ ಕೋಣೆ ನಿಶ್ಶಬ್ದವಾಯಿತು. ಮುಳ್ಳು ಮಾತ್ರ ಮೇಲೆಯೇ ನಿಂತಿತ್ತು. ಆತ ಮೀಟರನ್ನು ಸ್ಪೀಕರಿನ ಹತ್ತಿರ ಒಯ್ದ, ದೂರ ತಂದ. ಮುಳ್ಳು ಏರಿತು, ಇಳಿಯಿತು. ಅವನಿಗೆ ಏನೂ ಕೇಳಿಸಲಿಲ್ಲ.

ಏನು ಕೆಲಸ ಮಾಡುತ್ತಿದ್ದಿರಿ ಎಂದು ವಿಚಾರಿಸಿ, ಮುದ್ರಣಾಲಯ ಎಂದು ತಿಳಿದ ಮೇಲೆ ಅಂಗಡಿಯವ ಕೇಳಿದ, "ಮಿಷನ್ ಹತ್ರ ಕಿವಿಗೆ ಏನಾದ್ರೂ ಹಾಕ್ಕೊಳ್ತಿದ್ರಾ ಸರ್?"

"ಹತ್ತಿ ಕೊಡ್ತಿದ್ರು. ಅದರಲ್ಲಿ ಶಾಯಿ ಒರೆಸ್ತಿದ್ವಿ."

ಮತ್ತೆ ಸೋಫಾದಲ್ಲಿ ಕೂತು ಆತ ಮೀಟರನ್ನು ಮೊಣಕಾಲ ಮೇಲಿಟ್ಟುಕೊಂಡ. "ಹಾಗಾದ್ರೆ ನನಗೆ ಇಷ್ಟ ಆಗಿದ್ದು ಅಂತ ಇಷ್ಟು ದಿನ ಅಂದ್ಕೊಂಡಿದ್ದು ಏನು?"

"ಇಷ್ಟವೇ," ಎಂದ ಅಂಗಡಿಯವ. "ನಿಮ್ಮ ಕಿವಿಗೆ ಆ ಮೂರನೇದೇ ಸರಿಯಾಗಿರೋದು. ಸುಳ್ಳೇನೂ ಅಲ್ಲ."

"ಸರಿ ಇದೆ," ಎಂದಳು ಟೈಲರಮ್ಮ. "ಆದ್ರೆ ನಿಮ್ಮ ಅಳತೆಗೆ ಹೊಲಿದಿದ್ದನ್ನ ನಾನು ತೊಟ್ಕೊಂಡು ಓಡಾಡ್ತಿದ್ದೆ."

ಗಂಡ ಮೀಟರನ್ನು ಅಂಗಡಿಯವನಿಗೆ ವಾಪಸ್ ಕೊಟ್ಟ. ಆಮೇಲೆ ಕೇಳಿದ, "ನಿನಗೆ ಯಾವುದು ಹಿಡಿಸಿತು?"

"ಎರಡನೇದು. ಅವಳು ಉಸಿರು ತಗೊಳ್ಳೋದು ಕೇಳಿಸಿತು."

"ಅದರಲ್ಲಿ ನನಗೆ ತಾಳ ಕೇಳಿಸಲ್ಲ ಕಣೇ."

"ಗೊತ್ತು."

ಎರಡನೆಯದನ್ನು ಇನ್ನೊಮ್ಮೆ ಹಾಕಿಸಿ ಆತ ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಉಸಿರಿನ ಜಾಗ ಬಂದಾಗ ಹೆಂಡತಿ ಅವನ ಮೊಣಕೈ ತಟ್ಟಿದಳು. ಆತ ತಲೆಯಾಡಿಸಿದ, ಕೇಳಿಸಿತೋ, ತಟ್ಟಿದ್ದಕ್ಕೆ ಆಡಿಸಿದನೋ ಅವಳಿಗೆ ತಿಳಿಯಲಿಲ್ಲ. ಹಾಡು ಮುಗಿದ ಮೇಲೆ ಅಂಗಡಿಯವನಿಗೆ, "ಇದನ್ನೇ ಕಳಿಸಿ," ಎಂದ. "ಜೊತೆಗೆ ನನಗೊಂದು ಹೆಡ್‌ಫೋನ್ ಕೊಡಿ. ಬೆಳಗಿನ ಹೊತ್ತು ನನ್ನ ತಾಳ ನಾನು ಕೇಳ್ಕೋತೀನಿ."

ಸೋಮವಾರ ಸ್ಪೀಕರುಗಳು ಮನೆಗೆ ಬಂದವು. ಮಂಗಳವಾರ ಮಿಷನ್‌ಮ್ಯಾನ್ ಕಿವಿ ಡಾಕ್ಟರ ಬಳಿ ಹೋಗಿ ಬಂದ. ಬುಧವಾರ ನಾಲ್ಕಕ್ಕೆ ಟೈಲರಮ್ಮ ಹೊಲಿಗೆ ಯಂತ್ರವನ್ನೇ ಹಾಲ್‌ಗೆ ಎಳೆದು ತಂದಳು. ಅದರ ಸದ್ದು ಹಾಡಿಗೆ ಅಡ್ಡ ಬರುತ್ತದೆ ಎಂದು ಗಂಡ ದೂರಿದ. ಆಕೆ ಯಂತ್ರ ನಿಲ್ಲಿಸಿ ಕೈಯಲ್ಲಿ ಗುಂಡಿ ಕಾಜಾ ಹೊಲಿಯಲು ಕೂತಳು. ಕಿಟಕಿಯ ಬೆಳಕು ಹೋಗುವಷ್ಟರಲ್ಲಿ ಆರು ಕಾಜಾ ಮುಗಿದಿದ್ದವು.